ನಾಣ್ಯ ವಿಚಿತ್ರವಾಗಿದೆ: ಟಂಕಸಾಲೆಯ ತಪ್ಪೋ, ಆಮೇಲೆ ಬಿದ್ದ ಏಟೋ?

ಕೈಯಲ್ಲಿರುವ ನಾಣ್ಯದ ಇಸವಿ ಎರಡೆರಡಾಗಿ ಕಾಣುತ್ತಿದೆ. ಇನ್ನೊಂದರಲ್ಲಿ ಅಕ್ಷರವೇ ಮಾಯ. ಮತ್ತೊಂದರ ಅಂಚನ್ನು ಯಾರೋ ಕಚ್ಚಿದ ಹಾಗಿದೆ. ಇಂಥದ್ದು ಕಣ್ಣಿಗೆ ಬಿದ್ದ ತಕ್ಷಣ ‘ಎರರ್ ಕಾಯಿನ್’, ಅಂದರೆ ಟಂಕಸಾಲೆಯಲ್ಲೇ ತಪ್ಪಾದ ನಾಣ್ಯ, ಅನ್ನುವ ಮಾತು ಬಾಯಿಗೆ ಬರುತ್ತದೆ. ಅದನ್ನು ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ವಿಚಿತ್ರವಾಗಿ ಕಾಣುವ ನಾಣ್ಯಗಳಲ್ಲಿ ಹೆಚ್ಚಿನವು ಟಂಕಸಾಲೆಯಿಂದ ಸರಿಯಾಗಿಯೇ ಹೊರಬಂದು, ಆಮೇಲೆ ಏಟು ತಿಂದಂಥವು.

ಹಾಗಾಗಿ ಇಲ್ಲಿ ದಾರಿ ಉಲ್ಟಾ. ಎರರ್ ಅಂತ ಸಾಬೀತು ಮಾಡಲು ಹೊರಡುವುದಿಲ್ಲ. ‘ಈ ಗುರುತನ್ನು ಯಂತ್ರ ಹೇಗೆ ಮಾಡಿರಬಹುದು?’ ಅಂತ ಕೇಳುತ್ತೇವೆ. ಯಾವ ಹಂತದಲ್ಲಿ, ಯಾವ ಭಾಗದಿಂದ ಆಯಿತು ಅಂತ ಹೇಳಲು ಆಗದಿದ್ದರೆ ಅದನ್ನು ಎರರ್ ಅಂತ ಕರೆಯುವುದಿಲ್ಲ, ಅಷ್ಟೇ.

ಯಂತ್ರದೊಳಗೆ ಏನಾಗುತ್ತದೆ

ಲೋಹದ ಉದ್ದನೆಯ ಪಟ್ಟಿಯಿಂದ ದುಂಡು ಬಿಲ್ಲೆಗಳನ್ನು ಕತ್ತರಿಸುತ್ತಾರೆ. ಅವನ್ನು ಕಾಯಿಸಿ ಮೆದು ಮಾಡುತ್ತಾರೆ. ಇನ್ನೊಂದು ಯಂತ್ರ ಬಿಲ್ಲೆಯ ಸುತ್ತಲೂ ಒತ್ತಿ ಅಂಚನ್ನು ಸ್ವಲ್ಪ ಎಬ್ಬಿಸುತ್ತದೆ. ಕೊನೆಗೆ ಬಿಲ್ಲೆ ಪ್ರೆಸ್ಸಿಗೆ ಹೋಗುತ್ತದೆ. ಅಲ್ಲಿ ಡೈ ಅನ್ನುವ ಚಿತ್ರ ಕೊರೆದ ಅಚ್ಚು ಕೆಳಗೊಂದು, ಮೇಲೊಂದು, ಸುತ್ತ ಕಾಲರ್ ಅನ್ನುವ ಉಕ್ಕಿನ ಬಳೆ. ಒಂದೇ ಏಟಿಗೆ ಎರಡೂ ಮುಖ ಮೂಡುತ್ತವೆ. ಲೋಹ ಹೊರಗೆ ಹರಡದಂತೆ ಕಾಲರ್ ಹಿಡಿಯುತ್ತದೆ.

ತಪ್ಪು ಆಗಬಹುದಾದ ಜಾಗಗಳೂ ಮೂರೇ: ಬಿಲ್ಲೆ, ಡೈ, ಏಟು. ಬಿಲ್ಲೆಯ ತಪ್ಪು ಮತ್ತು ಏಟಿನ ತಪ್ಪು ಸಾಮಾನ್ಯವಾಗಿ ಆ ಒಂದು ನಾಣ್ಯದ್ದು. ಡೈಯ ತಪ್ಪು ಹಾಗಲ್ಲ. ಆ ಡೈಯಿಂದ ಬಂದ ಪ್ರತಿಯೊಂದು ನಾಣ್ಯದಲ್ಲೂ ಅದೇ ಜಾಗದಲ್ಲಿ, ಅದೇ ಆಕಾರದಲ್ಲಿ ಬರುತ್ತದೆ. ಸಂಗ್ರಾಹಕರು ‘ವೆರೈಟಿ’ ಅನ್ನುವುದು ಮುಖ್ಯವಾಗಿ ಇಂಥದ್ದನ್ನು. ನಿಮ್ಮ ನಾಣ್ಯದ ಗುರುತು ಇನ್ನೊಂದು ನಾಣ್ಯದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸಿಕ್ಕಿದರೆ, ಡೈಯ ಕಡೆ ಬೆರಳು ತೋರಿಸಬಹುದು.

ಇನ್ನೊಂದು ಮಾತು. ಇದನ್ನು ಮರೆತರೆ ಮುಂದಿನದೆಲ್ಲ ತಲೆಕೆಳಗಾಗುತ್ತದೆ. ಡೈಯಲ್ಲಿ ಚಿತ್ರ ತಗ್ಗಾಗಿ, ಎಡಬಲ ಅದಲುಬದಲಾಗಿ ಇರುತ್ತದೆ. ಅರಗಿನ ಮೇಲೆ ಮುದ್ರೆ ಒತ್ತಿದ ಹಾಗೆ ನಾಣ್ಯದ ಮೇಲೆ ಅದು ಉಬ್ಬಾಗಿ, ನೇರವಾಗಿ ಮೂಡುತ್ತದೆ. ಅಂದರೆ ನಾಣ್ಯದ ಮೇಲೆ ಬೇಡದ ಉಬ್ಬು ಕಂಡರೆ ಹೆಚ್ಚಾಗಿ ಡೈಯಲ್ಲಿ ಬಿರುಕೋ ಹಳ್ಳವೋ ಇತ್ತು ಅಂತ ಅರ್ಥ. ಬೇಡದ ತಗ್ಗು ಕಂಡರೆ ಡೈಗೂ ಬಿಲ್ಲೆಗೂ ನಡುವೆ ಏನೋ ಸಿಕ್ಕಿಕೊಂಡಿತ್ತು, ಇಲ್ಲವೇ ಆಮೇಲೆ ಯಾರೋ ಗೀಚಿದ್ದಾರೆ. ನಾಣ್ಯದ ಬಯಲು, ಅಂದರೆ ಚಿತ್ರವಿಲ್ಲದ ಸಪಾಟು ಜಾಗ, ಡೈಯಲ್ಲಿ ಎಲ್ಲಕ್ಕಿಂತ ಎತ್ತರದ ಭಾಗ. ಇದು ಮುಂದೆ ಕೆಲಸಕ್ಕೆ ಬರುತ್ತದೆ.

ಲೂಪ್ ತೆಗೆಯುವ ಮೊದಲು ತಕ್ಕಡಿ

ಬೇಕಾದ ಸಾಮಾನು ಕಡಿಮೆ. 0.01 ಗ್ರಾಂ ತೋರಿಸುವ ಸಣ್ಣ ಡಿಜಿಟಲ್ ತಕ್ಕಡಿ, ವ್ಯಾಸ ಅಳೆಯುವ ಕ್ಯಾಲಿಪರ್, ಅಯಸ್ಕಾಂತ, 10 ಪಟ್ಟು ದೊಡ್ಡದು ಮಾಡುವ ಲೂಪ್, ಒಂದೇ ಒಂದು ದೀಪ. ಜೊತೆಗೆ ಅದೇ ಇಸವಿಯ, ಅದೇ ಟಂಕಸಾಲೆಯ ಒಂದು ಸಾಮಾನ್ಯ ನಾಣ್ಯ. ಈ ಕೊನೆಯದನ್ನು ಜನ ಮರೆಯುವುದೇ ಜಾಸ್ತಿ. ಸರಿಯಾದ ನಾಣ್ಯ ಹೇಗಿರುತ್ತದೆ ಅಂತ ಗೊತ್ತಿಲ್ಲದೆ ತಪ್ಪನ್ನು ಹುಡುಕುವುದು ಹೇಗೆ ಹೇಳಿ?

ಎರಡು ದೀಪ ಇಟ್ಟುಕೊಂಡರೆ ಎರಡು ನೆರಳು ಬೀಳುತ್ತದೆ. ಆಗ ಒಳ್ಳೆಯ ನಾಣ್ಯವೂ ಎರಡೆರಡಾಗಿ ಕಾಣುತ್ತದೆ. ಪ್ಲಾಸ್ಟಿಕ್ ಕವರ್ ಒಳಗಿಟ್ಟು ತೆಗೆದ ಫೋಟೋದಲ್ಲೂ ಇದೇ ಗೋಳು. ದೀಪವನ್ನು ಓರೆಯಾಗಿ ಇಟ್ಟು, ನಾಣ್ಯವನ್ನು ಬರಿಗೈಯಲ್ಲಿ ಅಂಚು ಹಿಡಿದು ತಿರುಗಿಸುತ್ತಾ ನೋಡಿ. ತಿರುಗಿಸಿದಾಗ ಗುರುತು ಜಾಗ ಬದಲಿಸಿದರೆ ಅದು ನೆರಳು.

ಇನ್ನು ತೂಕ. ಅಮೆರಿಕದ 1 ಸೆಂಟ್ ಇದಕ್ಕೆ ಒಳ್ಳೆಯ ಪಾಠ. 1982ರಲ್ಲಿ ಅದರ ಲೋಹ ಬದಲಾಯಿತು. ಹೆಚ್ಚಿನ ಪಾಲು ತಾಮ್ರವಿದ್ದ ಹಳೆಯ ಸೆಂಟ್ 3.11 ಗ್ರಾಂ. ಸತುವಿನ ಮೇಲೆ ತಾಮ್ರ ಲೇಪಿಸಿದ ಹೊಸದು 2.5 ಗ್ರಾಂ. ಆ ವರ್ಷ ಎರಡೂ ಬಂದವು, ಹೊರಗಿನಿಂದ ಎರಡೂ ಒಂದೇ ಥರ. ತಕ್ಕಡಿ ಇಲ್ಲದೆ ಬೇರ್ಪಡಿಸುವುದು ಕಷ್ಟ, ತಕ್ಕಡಿ ಇದ್ದರೆ ಅರ್ಧ ನಿಮಿಷದ ಕೆಲಸ. ಆದರೆ 3.11ರ ಬದಲು 3.05 ತೋರಿಸಿತು ಅಂತ ಕುಣಿಯಬೇಡಿ. ಅಲ್ಲಿನ ಟಂಕಸಾಲೆಯೇ ಈ ನಾಣ್ಯಕ್ಕೆ 0.13 ಗ್ರಾಂ ಆಚೀಚೆ ಬಿಟ್ಟಿತ್ತು. ಅದರ ಮೇಲೆ ಸವೆತವೂ ಸೇರುತ್ತದೆ.

ಅಯಸ್ಕಾಂತ ಇನ್ನೊಂದಷ್ಟು ಬಾಗಿಲು ಮುಚ್ಚುತ್ತದೆ. ಉಕ್ಕು ಅಂಟುತ್ತದೆ, ಶುದ್ಧ ನಿಕಲ್ ಅಂಟುತ್ತದೆ. ತಾಮ್ರ, ಬೆಳ್ಳಿ, ಸತು ಅಂಟುವುದಿಲ್ಲ. ನಾಣ್ಯಗಳಲ್ಲಿ ಬಳಸುವ ತಾಮ್ರ ಮತ್ತು ನಿಕಲ್ ಬೆರೆತ ಲೋಹವೂ ಅಂಟುವುದಿಲ್ಲ. ಆರನೇ ಜಾರ್ಜ್ ಇರುವ 1947ರ ರೂಪಾಯಿ ನಿಕಲ್‌ನದು. ಅಯಸ್ಕಾಂತಕ್ಕೆ ಅಂಟಿದರೆ ಗಾಬರಿ ಬೇಡ. ವಿಕ್ಟೋರಿಯಾ ಕಾಲದ ಬೆಳ್ಳಿ ರೂಪಾಯಿ ಅಂಟಿದರೆ ಮಾತ್ರ ಅದು ಬೆಳ್ಳಿಯಲ್ಲ.

ಅಯಸ್ಕಾಂತದ ಅತಿ ಹೆಸರಾದ ಉಪಯೋಗ 1943ರ ಅಮೆರಿಕನ್ ಸೆಂಟ್‌ಗೆ. ಯುದ್ಧಕ್ಕೆ ತಾಮ್ರ ಬೇಕಾಗಿದ್ದರಿಂದ ಆ ವರ್ಷದ ಸೆಂಟನ್ನು ಸತು ಲೇಪಿಸಿದ ಉಕ್ಕಿನಲ್ಲಿ ಹೊಡೆದರು. ಹಿಂದಿನ ವರ್ಷದ ಕೆಲವು ತಾಮ್ರದ ಬಿಲ್ಲೆಗಳು ಹೇಗೋ ಒಳಗೆ ಉಳಿದು, 1943ರ ಡೈಗೆ ಸಿಕ್ಕವು. ಅಂಥವು ಬೆರಳೆಣಿಕೆಯಷ್ಟೇ. ನಕಲಿ ಮಾತ್ರ ಧಾರಾಳ. ಉಕ್ಕಿನ ಸೆಂಟ್‌ಗೆ ತಾಮ್ರದ ಲೇಪ ಕೊಟ್ಟಿದ್ದರೆ ಅದು ಅಯಸ್ಕಾಂತಕ್ಕೆ ಅಂಟುತ್ತದೆ. 1948ರ ನಾಣ್ಯದ 8ರ ಎಡಭಾಗ ಕೆರೆದು 3 ಮಾಡಿದ್ದರೆ ಅಯಸ್ಕಾಂತ ಏನೂ ಹೇಳುವುದಿಲ್ಲ, ತೂಕವೂ ಸರಿಯಾಗಿಯೇ ಬರುತ್ತದೆ. ಆಗ 3ರ ಆಕಾರ ನೋಡಬೇಕು. ನಿಜವಾದ 1943ರಲ್ಲಿ 3ರ ಬಾಲ ಉದ್ದವಾಗಿ ಕೆಳಗೆ ಇಳಿಯುತ್ತದೆ. ಕೆರೆದ 8ಕ್ಕೆ ಆ ಬಾಲ ಬರುವುದಿಲ್ಲ.

ಬೆಳ್ಳಿ ನಾಣ್ಯದ ಮೇಲೆ ಅನುಮಾನವಿದ್ದರೆ ಸಾಂದ್ರತೆ ನೋಡಿ. ತಕ್ಕಡಿಯ ಮೇಲೆ ನೀರಿನ ಲೋಟ ಇಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ತಳ ಮುಟ್ಟದಂತೆ ನೀರಿನಲ್ಲಿ ಪೂರ್ತಿ ಮುಳುಗಿಸಿ. ತಕ್ಕಡಿ ಎಷ್ಟು ತೋರಿಸುತ್ತದೋ ಅದರಿಂದ ನಾಣ್ಯದ ತೂಕವನ್ನು ಭಾಗಿಸಿ. ಬ್ರಿಟಿಷ್ ಕಾಲದ ರೂಪಾಯಿ 11.66 ಗ್ರಾಂ. ಅದರಲ್ಲಿ ಬೆಳ್ಳಿ ಶೇ 91.7 ಇದ್ದರೆ ತಕ್ಕಡಿ 1.13ರ ಹತ್ತಿರ ತೋರಿಸುತ್ತದೆ, ಭಾಗಿಸಿದರೆ 10.3 ಬರುತ್ತದೆ. 1.31 ತೋರಿಸಿ ಉತ್ತರ 8.9ರ ಹತ್ತಿರ ನಿಂತರೆ ಅದು ತಾಮ್ರದ ಸಂಬಂಧಿ. ದಾರದ ಮೇಲೆ ಗಾಳಿಗುಳ್ಳೆ ಅಂಟಿದ್ದರೆ ಲೆಕ್ಕ ತಪ್ಪುತ್ತದೆ, ಅಲುಗಾಡಿಸಿ ಬಿಡಿಸಿ.

ಒಂದು ಎಚ್ಚರ. ಇಷ್ಟೆಲ್ಲ ನೋಡುವ ಮೊದಲು ನಾಣ್ಯವನ್ನು ತಿಕ್ಕಿ ತೊಳೆಯಬೇಡಿ. ಟಂಕಸಾಲೆಯ ಹೊಳಪು, ಮಾಸಿದ ಬಣ್ಣ ಎರಡೂ ಸಾಕ್ಷಿಗಳೇ. ಉಜ್ಜಿದರೆ ಸಾಕ್ಷಿ ಹೋಗುತ್ತದೆ, ನಾಣ್ಯದ ಮರ್ಯಾದೆಯೂ ಹೋಗುತ್ತದೆ.

ಇಸವಿ ಅಥವಾ ಅಕ್ಷರ ಎರಡೆರಡಾಗಿ ಕಂಡರೆ

ಜಗಳ ಹೆಚ್ಚು ನಡೆಯುವುದು ಇಲ್ಲಿ. ಕಾರಣಗಳು ನಾಲ್ಕೈದು, ಕಾಣುವುದು ಮಾತ್ರ ಹೆಚ್ಚು ಕಡಿಮೆ ಒಂದೇ.

ಎಲ್ಲರೂ ಹುಡುಕುವುದು ಡಬಲ್ಡ್ ಡೈ. ಡೈ ತಯಾರಿಸುವಾಗ ಹಬ್ ಅನ್ನುವ ಉಬ್ಬು ಅಚ್ಚನ್ನು ಅದರ ಮೇಲೆ ಒತ್ತುತ್ತಾರೆ. ಹಿಂದೆ ಒಂದು ಒತ್ತಿಗೆ ಚಿತ್ರ ಪೂರ್ತಿ ಇಳಿಯುತ್ತಿರಲಿಲ್ಲ. ಡೈಯನ್ನು ಕಾಯಿಸಿ ಮೆದು ಮಾಡಿ ಮತ್ತೆ ಒತ್ತಬೇಕಿತ್ತು. ಎರಡನೇ ಸಲ ಸ್ವಲ್ಪ ತಿರುಗಿ ಕೂತರೆ ಡೈಯಲ್ಲೇ ಚಿತ್ರ ಎರಡಾಗುತ್ತದೆ. 1955ರಲ್ಲಿ ಫಿಲಡೆಲ್ಫಿಯಾದಲ್ಲಿ ಆದ ಲಿಂಕನ್ ಸೆಂಟ್ ಇದಕ್ಕೆ ದೊಡ್ಡ ಹೆಸರು. ಅದರ ಮುಂಬದಿಯಲ್ಲಿ ಇಸವಿಯೂ ಬರಹವೂ ಬರಿಗಣ್ಣಿಗೆ ಕಾಣುವಷ್ಟು ದೂರ ಸರಿದಿವೆ. ಹಿಂಬದಿ ಮಾಮೂಲು. ಹಿಂಬದಿಯ ಡೈ ಬೇರೆ, ಅದರಲ್ಲಿ ತಪ್ಪಿರಲಿಲ್ಲ.

ಲೂಪ್ ಅಡಿ ಡಬಲ್ಡ್ ಡೈ ಹೇಗಿರುತ್ತದೆ? ಎರಡೂ ಚಿತ್ರ ದುಂಡಗೆ, ತುಂಬಿಕೊಂಡು ಇರುತ್ತವೆ. ಅಕ್ಷರದ ಮೂಲೆಗಳಲ್ಲಿ ಸಣ್ಣ ಸೀಳು ಕಾಣುತ್ತದೆ. ಅಕ್ಷರ ಮಾಮೂಲಿಗಿಂತ ಅಗಲವಾಗಿರುತ್ತದೆ, ಏಕೆಂದರೆ ಇಲ್ಲಿ ಇನ್ನೊಂದು ಚಿತ್ರ ಸೇರಿದೆ.

ಇದನ್ನೇ ಹೋಲುವ, ಆದರೆ ಬೆಲೆಯಿಲ್ಲದ ಮೆಷಿನ್ ಡಬ್ಲಿಂಗ್ ತುಂಬಾ ಸಾಮಾನ್ಯ. ಡೈ ಸ್ವಲ್ಪ ಸಡಿಲವಿದ್ದರೆ, ಏಟು ಬಿದ್ದ ಮರುಕ್ಷಣ ಅದು ಅಲುಗುತ್ತದೆ. ಆಗಷ್ಟೇ ಮೂಡಿದ ಅಕ್ಷರದ ಪಕ್ಕವನ್ನು ತಳ್ಳಿ ಚಪ್ಪಟೆ ಮಾಡುತ್ತದೆ. ಉಳಿಯುವುದು ಮೆಟ್ಟಿಲಿನಂಥ ತೆಳುವಾದ ಸಪಾಟು ಪಟ್ಟಿ, ಓರೆ ಬೆಳಕಿನಲ್ಲಿ ಮಿರಿಮಿರಿ ಹೊಳೆಯುತ್ತದೆ. ಇಲ್ಲಿ ಅಕ್ಷರ ತನ್ನ ಮೈಯಿಂದಲೇ ಒಂದಿಷ್ಟು ಕಳೆದುಕೊಂಡಿರುತ್ತದೆ. ಹಾಗಾಗಿ ಉಳಿದ ಅಕ್ಷರ ಸಣಕಲಾಗಿ ಕಾಣುತ್ತದೆ. ದುಂಡಗಿದ್ದು ಅಗಲವಾಗಿದ್ದರೆ ಡೈ, ಚಪ್ಪಟೆಯಾಗಿ ಸಣಕಲಾಗಿದ್ದರೆ ಮೆಷಿನ್. ಪಕ್ಕದಲ್ಲಿ ಸಾಮಾನ್ಯ ನಾಣ್ಯ ಇಟ್ಟುಕೊಳ್ಳಿ ಅಂದದ್ದು ಇದಕ್ಕೇ.

ಅಮೆರಿಕದ ಹಳೆಯ ನಾಣ್ಯಗಳಲ್ಲಿ ಇನ್ನೊಂದು ಸುಲಭ ಪರೀಕ್ಷೆ ಇದೆ. 1989ರವರೆಗೆ ಅಲ್ಲಿನ ಚಲಾವಣೆಯ ನಾಣ್ಯಗಳಿಗೆ ಮಿಂಟ್ ಮಾರ್ಕ್, ಅಂದರೆ ಯಾವ ಟಂಕಸಾಲೆಯದು ಅಂತ ಹೇಳುವ ಗುರುತನ್ನು, ಡೈಗೆ ಬೇರೆಯಾಗಿ, ಕೈಯಿಂದ ಪಂಚ್ ಹೊಡೆದು ಹಾಕುತ್ತಿದ್ದರು. ಅದು ಹಬ್‌ನಲ್ಲಿ ಇರಲಿಲ್ಲ. ಆದ್ದರಿಂದ ಹಬ್ ಸರಿದು ಇಸವಿ ಎರಡಾದರೂ ಮಿಂಟ್ ಮಾರ್ಕ್ ಒಂದೇ ಇರಬೇಕು. ಇಸವಿಯೂ ಮಿಂಟ್ ಮಾರ್ಕೂ ಒಂದೇ ದಿಕ್ಕಿಗೆ ಒಂದೇ ಅಳತೆಯಲ್ಲಿ ಸರಿದಿದ್ದರೆ ಡೈ ತಯಾರಿಸಿದವನ ಮೇಲೆ ತಪ್ಪು ಹೊರಿಸುವಂತಿಲ್ಲ, ಅದು ಮೆಷಿನ್ ಡಬ್ಲಿಂಗ್. ಇಸವಿ ಚೆನ್ನಾಗಿದ್ದು ಮಿಂಟ್ ಮಾರ್ಕ್ ಮಾತ್ರ ಎರಡಾಗಿದ್ದರೆ? ಪಂಚ್ ಎರಡು ಸಲ ಬೇರೆ ಬೇರೆ ಜಾಗದಲ್ಲಿ ಬಿದ್ದಿರಬಹುದು. ಅದು ನಿಜವಾದ ವೆರೈಟಿ.

ಮೂರನೆಯದು ಡೈ ಸವೆದು ಬರುವ ಡಬ್ಲಿಂಗ್. ತುಂಬಾ ನಾಣ್ಯ ಹೊಡೆದ ಡೈಯಲ್ಲಿ ಅಕ್ಷರಗಳ ಬದಿ ಕೊರೆದುಹೋಗುತ್ತದೆ. ನಾಣ್ಯದಲ್ಲಿ ಅಕ್ಷರದ ಸುತ್ತ ಮಸುಕಾದ ಊತ ಕಾಣುತ್ತದೆ, ಬಯಲು ನುಣುಪು ಕಳೆದುಕೊಂಡು ಒರಟಾಗಿರುತ್ತದೆ. ಎರಡನೇ ಚಿತ್ರಕ್ಕೆ ಸ್ಪಷ್ಟ ಗಡಿ ಇರುವುದಿಲ್ಲ. ಅದೇ 1955ರಲ್ಲೇ ಇಂಥ ನಾಣ್ಯಗಳೂ ಬಂದಿವೆ, ಇಸವಿಯ ಕೊನೆಯ 5 ಎರಡಾದಂತೆ ಕಾಣುತ್ತದೆ. ಸಂಗ್ರಾಹಕರು ಅದನ್ನು ‘ಬಡವರ ಡಬಲ್ಡ್ ಡೈ’ ಅಂತ ತಮಾಷೆ ಮಾಡುತ್ತಾರೆ. ಹೆಸರಿನಲ್ಲಿ ಡೈ ಇದೆ ಅಂತ ನಂಬಿ ಕೊಂಡವರು ಎಷ್ಟು ಮಂದಿಯೋ!

ಸತುವಿನ ಸೆಂಟ್‌ನಲ್ಲಿ ಇನ್ನೊಂದು ಮೋಸ. ಏಟಿನ ಹೊತ್ತಿಗೆ ತಾಮ್ರದ ತೆಳು ಲೇಪ ಅಕ್ಷರದ ಬುಡದಲ್ಲಿ ಹರಿದು, ಒಳಗಿನ ಬೂದು ಬಣ್ಣ ಗೆರೆಯಾಗಿ ಕಾಣುತ್ತದೆ. ಬಣ್ಣ ಬೇರೆಯಿದ್ದರೆ ಡಬ್ಲಿಂಗ್ ಮಾತು ಬಿಟ್ಟುಬಿಡಿ.

ಇನ್ನು ಎರಡು ಸಲ ಏಟು ತಿಂದ ನಾಣ್ಯ. ಹೊರಹೋಗಬೇಕಾದ ನಾಣ್ಯ ಪ್ರೆಸ್ಸಿನಲ್ಲೇ ಉಳಿದು ಇನ್ನೊಂದು ಏಟು ತಿನ್ನುತ್ತದೆ. ಮೊದಲ ಚಿತ್ರ ಜಜ್ಜಿಹೋಗಿ, ಅದರ ಮೇಲೆ ಎರಡನೆಯದು ಚೂಪಾಗಿ ಕೂತಿರುತ್ತದೆ. ಸಾಮಾನ್ಯವಾಗಿ ಎರಡೂ ಮುಖದಲ್ಲಿ ಲಕ್ಷಣ ಸಿಗುತ್ತದೆ. ಇದು ಗೊತ್ತು ಹಚ್ಚಲು ಕಷ್ಟವಲ್ಲ, ನೋಡಿದರೆ ಹೊಡೆದು ಕಾಣುವಂಥದ್ದು.

ಹೊಸ ನಾಣ್ಯಗಳ ಬಗ್ಗೆ ಒಂದು ಮಾತು. 1990ರ ದಶಕದ ಕೊನೆಯ ಹೊತ್ತಿಗೆ ಅಮೆರಿಕದಲ್ಲಿ ಒಂದೇ ಒತ್ತಿಗೆ ಡೈ ಮಾಡುವ ಪದ್ಧತಿ ಬಂತು. ಆದರೂ ಹಬ್ ಮೊದಲಿಗೆ ಓರೆಯಾಗಿ ತಾಕಿ ಆಮೇಲೆ ನೆಟ್ಟಗೆ ಕೂತರೆ ಡಬ್ಲಿಂಗ್ ಬರುತ್ತದೆ. ಅದು ನಾಣ್ಯದ ನಡುಭಾಗದಲ್ಲಿ, ತೀರಾ ಸಣ್ಣದಾಗಿ ಇರುತ್ತದೆ. ಅಂಚಿನ ಬಳಿಯ ಬರಹ ಮಾತ್ರ ದೊಡ್ಡದಾಗಿ ಸರಿದಿರುವ ಹೊಸ ಸೆಂಟ್ ಕಂಡರೆ ಮೊದಲು ಮೆಷಿನ್ ಡಬ್ಲಿಂಗ್ ಅಂತಲೇ ಅನುಮಾನಿಸಿ.

ಅಕ್ಷರ, ಇಸವಿ, ಚಿತ್ರದ ತುಣುಕು ಮಾಯವಾಗಿದ್ದರೆ

ಇಲ್ಲಿ ಹೆಚ್ಚಾಗಿ ಅಪರಾಧಿ ಗ್ರೀಸ್. ಯಂತ್ರದ ಜಿಡ್ಡು, ಲೋಹದ ಪುಡಿ ಸೇರಿ ಡೈಯ ತಗ್ಗುಗಳನ್ನು ತುಂಬುತ್ತವೆ. ಅಲ್ಲಿಗೆ ಲೋಹ ಇಳಿಯುವುದಿಲ್ಲ, ಅಕ್ಷರ ಮೂಡುವುದಿಲ್ಲ. ಪಕ್ಕದ ಅಕ್ಷರಗಳು ನಿಧಾನವಾಗಿ ಮಸುಕಾಗುತ್ತಾ ಹೋಗಿ ಒಂದು ಪೂರ್ತಿ ಇಲ್ಲವಾಗುತ್ತದೆ. ಆ ಜಾಗದಲ್ಲಿ ಮೇಲ್ಮೈ ಸುತ್ತಲಿನಷ್ಟೇ ಸಹಜವಾಗಿರುತ್ತದೆ. ಕೆರೆದು ತೆಗೆದಿದ್ದರೆ ಹಾಗಿರುವುದಿಲ್ಲ. ಅಕ್ಕಪಕ್ಕ ಸಾಗುವ ಸಣ್ಣ ಗೀರು, ಸ್ವಲ್ಪ ತಗ್ಗು, ಬೇರೆ ಬಣ್ಣ, ಇವುಗಳಲ್ಲಿ ಒಂದಾದರೂ ಸಿಗುತ್ತದೆ.

1922ರ ಸೆಂಟ್ ನೋಡಿ. ಆ ವರ್ಷ ಅಮೆರಿಕದಲ್ಲಿ ಸೆಂಟ್ ಹೊಡೆದದ್ದು ಡೆನ್ವರ್ ಟಂಕಸಾಲೆ ಒಂದೇ. ಅಂದರೆ ಎಲ್ಲದರಲ್ಲೂ ಡೆನ್ವರ್‌ನ ‘ಡಿ’ ಇರಬೇಕು. ಡೈ ತುಂಬಿಕೊಂಡೋ, ಸವೆದೋ, ಉಜ್ಜಿದ್ದರಿಂದಲೋ ‘ಡಿ’ ಪೂರ್ತಿ ಹೋದ ನಾಣ್ಯಗಳಿವೆ. ‘ಡಿ’ ಕೆರೆದು ಮಾಡಿದವೂ ಇವೆ. ಅರ್ಧಂಬರ್ಧ ಕಾಣುವ ‘ಡಿ’ ಇದ್ದರೆ ಅದು ಬೇರೆಯೇ ಗುಂಪು, ಅದನ್ನು ‘ಇಲ್ಲ’ ಅಂತ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಡೆನ್ವರ್‌ನದೇ 1937ರ ಮೂರು ಕಾಲಿನ ಕಾಡೆಮ್ಮೆ ನನಗೆ ಅತಿ ಇಷ್ಟದ ಪ್ರಕರಣ. ಬಫೆಲೋ ನಿಕಲ್ ಅನ್ನುವ 5 ಸೆಂಟಿನ ನಾಣ್ಯದ ಡೈಯ ಮೇಲಿನ ಗುರುತು ಅಳಿಸಲು ಯಾರೋ ಅದನ್ನು ಅತಿಯಾಗಿ ಉಜ್ಜಿದರು. ಪ್ರಾಣಿಯ ಮುಂಗಾಲು ಒಂದು ಹೊರಟೇಹೋಯಿತು, ಗೊರಸು ಮಾತ್ರ ನೆಲದಲ್ಲಿ ಉಳಿಯಿತು. ನಾಲ್ಕು ಕಾಲಿನದರ ಒಂದು ಕಾಲು ಕೆರೆದು ಮೂರು ಮಾಡುವವರು ಆಗಿನಿಂದಲೂ ಇದ್ದಾರೆ. ಆದರೆ ಆ ಡೈಗೆ ಬೇರೆ ಕಾಯಿಲೆಗಳೂ ಇದ್ದವು. ನಿಜವಾದ ನಾಣ್ಯದಲ್ಲಿ ಹೊಟ್ಟೆಯ ಕೆಳಗಿನಿಂದ ನೆಲದ ಕಡೆಗೆ ಸಣ್ಣ ಉಬ್ಬು ಚುಕ್ಕೆಗಳ ಸಾಲು ಇಳಿಯುತ್ತದೆ. ಕೆರೆಯುವವನು ಕಾಲು ತೆಗೆಯಬಲ್ಲ, ಉಬ್ಬು ಚುಕ್ಕೆಗಳನ್ನು ಎಲ್ಲಿಂದ ತರುತ್ತಾನೆ? ಇಲ್ಲದ ಕಾಲಿಗಿಂತ ಇರುವ ಚುಕ್ಕೆಯನ್ನು ಮೊದಲು ಹುಡುಕಿ. ಹೆಸರಾದ ಯಾವುದೇ ಡೈ ವೆರೈಟಿಗೂ ಇದು ಹೊಂದುತ್ತದೆ. ಮುಖ್ಯ ಲಕ್ಷಣಕ್ಕಿಂತ ಅದರ ಜೊತೆಗೆ ಬರುವ ಸಣ್ಣಪುಟ್ಟ ಗುರುತುಗಳೇ ಗಟ್ಟಿ ಸಾಕ್ಷಿ.

ಇಸವಿಯೇ ಇಲ್ಲದಿರಲು ಬೇರೆ ಕಾರಣವೂ ಇರಬಹುದು. 2008ರಲ್ಲಿ ಬ್ರಿಟನ್ನಿನ 20 ಪೆನ್ಸ್ ವಿನ್ಯಾಸ ಬದಲಾಯಿತು. ಹಳೆಯದರಲ್ಲಿ ಇಸವಿ ಹಿಂಬದಿಯಲ್ಲಿತ್ತು, ಹೊಸದರಲ್ಲಿ ಅದನ್ನು ರಾಣಿಯ ಮುಖವಿರುವ ಬದಿಗೆ ತಂದರು. ಹಳೆಯ ಮುಂಬದಿಯ ಡೈ, ಹೊಸ ಹಿಂಬದಿಯ ಡೈ ಒಟ್ಟಿಗೆ ಪ್ರೆಸ್ಸಿಗೆ ಹೋದವು. ಎರಡರಲ್ಲೂ ಇಸವಿ ಇಲ್ಲ! ಜೊತೆಯಾಗಬಾರದ ಎರಡು ಡೈ ಸೇರಿದ ಇಂಥ ನಾಣ್ಯಕ್ಕೆ ‘ಮ್ಯೂಲ್’ ಅನ್ನುತ್ತಾರೆ. ನಿಮ್ಮದು ಅದೇನಾ ಅಂತ ನೋಡಲು ಮಾಯವಾದ ಇಸವಿಯ ಜಾಗವನ್ನು ದಿಟ್ಟಿಸುವುದು ದಂಡ. ಎರಡೂ ಬದಿಯ ವಿನ್ಯಾಸ ಯಾವ ಕಾಲದ್ದು ಅಂತ ನೋಡಿ. ಹಿಂಬದಿಯಲ್ಲಿ ರಾಜಲಾಂಛನದ ತುಂಡು ಇರಬೇಕು, ಮುಂಬದಿಯಲ್ಲಿ ಇಸವಿ ಇರಬಾರದು.

ಅಕ್ಷರ ಕನ್ನಡಿಯಲ್ಲಿ ಕಂಡಂತೆ ತಿರುಗಿದ್ದರೆ

ಮೂರು ಸಾಧ್ಯತೆ. ಬೇರ್ಪಡಿಸಲು, ನಾಣ್ಯದ ಬಯಲು ಡೈಯಲ್ಲಿ ಎತ್ತರದ ಭಾಗ ಅನ್ನುವ ಆ ಮಾತು ಈಗ ಬೇಕು.

ಬಿಲ್ಲೆ ಬರದೆ ಎರಡು ಡೈ ಒಂದಕ್ಕೊಂದು ಬಡಿದರೆ ಒಂದರ ಚಿತ್ರ ಇನ್ನೊಂದರ ಮೇಲೆ ಕೂರುತ್ತದೆ. ಬಡಿಯುವುದು ಡೈಗಳ ಎತ್ತರದ ಭಾಗ, ಅಂದರೆ ನಾಣ್ಯದ ಬಯಲು. ಹಾಗಾಗಿ ಈ ಕ್ಲ್ಯಾಶ್ ಗುರುತು ಬಯಲಿನಲ್ಲಿ, ಮುಖದ ಅಂಚಿನ ಪಕ್ಕದಲ್ಲಿ ತೆಳು ಗೆರೆಯಾಗಿ ಕಾಣುತ್ತದೆ. ಹಿಂಬದಿಯ ಫೋಟೋವನ್ನು ಎಡಬಲ ತಿರುಗಿಸಿ, ಎರಡು ಡೈ ಎದುರುಬದುರಾಗಿ ಕೂರುವ ದಿಕ್ಕಿನಲ್ಲಿ ಮುಂಬದಿಯ ಮೇಲೆ ಹೊಂದಿಸಿದರೆ ಗೆರೆಗಳು ಸರಿಯಾಗಿ ಕೂರಬೇಕು. ಫೋನಿನಲ್ಲೇ ಮಾಡಬಹುದು.

ಇನ್ನೊಂದು ಬ್ರಾಕೇಜ್. ಹೊಡೆದ ನಾಣ್ಯವೊಂದು ಡೈಗೆ ಅಂಟಿಕೊಂಡು ಉಳಿಯುತ್ತದೆ. ಮುಂದಿನ ಬಿಲ್ಲೆಗೆ ಆ ಬದಿಯಲ್ಲಿ ಡೈ ಸಿಗುವುದಿಲ್ಲ, ಅಂಟಿಕೊಂಡ ನಾಣ್ಯವೇ ಒತ್ತುತ್ತದೆ. ಒಂದು ಬದಿ ಮಾಮೂಲು, ಇನ್ನೊಂದು ಬದಿಯಲ್ಲಿ ಅದೇ ಚಿತ್ರ ತಗ್ಗಾಗಿ, ತಿರುಗಿ ಬರುತ್ತದೆ. ಅಂಟಿದ ನಾಣ್ಯ ಡೈಯನ್ನು ಪೂರ್ತಿ ಮುಚ್ಚಿದ್ದರೆ ಒಟ್ಟಾರೆ ಚಿತ್ರವೇ ಬರುತ್ತದೆ.

ಮೂರನೆಯದು ವೈಸ್ ಅನ್ನುವ ಕಬ್ಬಿಣದ ಹಿಡಿಕೆಯಲ್ಲಿ ಎರಡು ನಾಣ್ಯ ಇಟ್ಟು ಹಿಂಡಿದ್ದು, ಅಥವಾ ಸುತ್ತಿಗೆಯಿಂದ ಬಡಿದದ್ದು. ಇಲ್ಲಿ ಮೊದಲು ತಾಕುವುದು ನಾಣ್ಯದ ಎತ್ತರದ ಭಾಗ: ಕೆನ್ನೆ, ಕೂದಲು, ಅಂಚು. ಅಲ್ಲೇ ತಿರುಗಿದ ಅಕ್ಷರ ಕಾಣುತ್ತದೆ, ಸುತ್ತಲಿನ ಚಿತ್ರ ಜಜ್ಜಿರುತ್ತದೆ. ಕೆನ್ನೆಯ ಮೇಲೆ ನಾಲ್ಕಾರು ತಿರುಗುಮುರುಗು ಅಕ್ಷರ ಇರುವ ನಾಣ್ಯವನ್ನು ಯಾರಾದರೂ ಬ್ರಾಕೇಜ್ ಅಂತ ತೋರಿಸಿದರೆ ಸುಮ್ನೆ ನಕ್ಕು ವಾಪಸ್ ಕೊಡಿ.

ಎರಡೂ ಬದಿ ತಲೆಯೇ ಇರುವ ನಾಣ್ಯವೂ ಹೆಚ್ಚಾಗಿ ಇದೇ ಜಾತಿ. ಜಾದೂಗಾರರಿಗಾಗಿ ಒಂದು ನಾಣ್ಯದ ಒಳಗನ್ನು ಕೊರೆದು, ಇನ್ನೊಂದನ್ನು ತೆಳುಮಾಡಿ ಒಳಗೆ ಕೂರಿಸುತ್ತಾರೆ. ಅಂಚಿನ ಒಳಗಡೆ ಸುತ್ತಲೂ ತೆಳು ಗೆರೆ ಹುಡುಕಿ.

ಅಂಚು ಕತ್ತರಿಸಿದಂತಿದ್ದರೆ

ಲೋಹದ ಪಟ್ಟಿಯಲ್ಲಿ ಈಗಾಗಲೇ ತೂತಾದ ಜಾಗದ ಮೇಲೆ ಬಿಲ್ಲೆ ಕತ್ತರಿಸುವ ಪಂಚ್ ಬಿದ್ದರೆ ಬಿಲ್ಲೆಗೆ ಬಾಗಿದ ಕಚ್ಚು ಬರುತ್ತದೆ. ಪಟ್ಟಿಯ ತುದಿಯಲ್ಲಿ ಬಿದ್ದರೆ ನೆಟ್ಟನೆಯ ಕಚ್ಚು. ಈ ಕಚ್ಚಿಗೆ ‘ಕ್ಲಿಪ್’ ಅನ್ನುತ್ತಾರೆ. ಇಂಥ ಬಿಲ್ಲೆ ಅಂಚು ಎಬ್ಬಿಸುವ ಯಂತ್ರಕ್ಕೆ ಹೋದಾಗ ಕಚ್ಚಿನ ಕಡೆ ಒತ್ತಲು ಲೋಹವಿಲ್ಲ. ಆದ್ದರಿಂದ ನೇರ ಎದುರಿನ ಅಂಚಿಗೂ ಒತ್ತಡ ಬೀಳುವುದಿಲ್ಲ, ಅಲ್ಲಿ ಅಂಚು ಮಸುಕಾಗಿ ಉಳಿಯುತ್ತದೆ. ಬ್ಲೇಕ್ಸ್ಲಿ ಪರಿಣಾಮ ಅಂತ ಇದರ ಹೆಸರು. ನಿಜವಾದ ಕ್ಲಿಪ್ ಎಲ್ಲದರಲ್ಲೂ ಕಾಣಲೇಬೇಕು ಅಂತಿಲ್ಲ, ಕಂಡರೆ ಮಾತ್ರ ಒಳ್ಳೆಯ ಸಾಕ್ಷಿ. ಕಚ್ಚಿನ ಪಕ್ಕದ ಅಕ್ಷರಗಳು ಆ ಕಡೆ ಎಳೆದಂತೆ ಹರಡಿರುವುದನ್ನೂ ನೋಡಿ. ಏಟು ಬಿದ್ದಾಗ ಲೋಹ ಖಾಲಿ ಜಾಗಕ್ಕೆ ಹರಿದಿದೆ. ಗರಗಸದಿಂದಲೋ ಕತ್ತರಿಯಿಂದಲೋ ಆಮೇಲೆ ಕತ್ತರಿಸಿದ್ದರೆ ಅಕ್ಷರ ಅಲ್ಲಿಗೇ ಪಟ್ಟನೆ ನಿಲ್ಲುತ್ತದೆ.

ಗೆರೆ, ಗಂಟು, ಗುಳ್ಳೆ

ಉಬ್ಬು ಗೆರೆ ಅಂಕುಡೊಂಕಾಗಿ ಅಕ್ಷರಗಳನ್ನು ದಾಟಿ ಹೋಗಿದ್ದರೆ ಡೈ ಬಿರುಕು. ಡೈಯ ಅಂಚಿನ ತುಂಡೇ ಮುರಿದು ಬಿದ್ದಿದ್ದರೆ ನಾಣ್ಯದ ಅಂಚಿಗೆ ಚಿತ್ರವಿಲ್ಲದ ದಪ್ಪ ಗಂಟು ಬರುತ್ತದೆ, ಅದಕ್ಕೆ ‘ಕಡ್’ ಅನ್ನುತ್ತಾರೆ. ಲೋಹವೆಲ್ಲ ಆ ಗುಂಡಿಗೆ ಹೋಗುವುದರಿಂದ ಬೆನ್ನ ಹಿಂದಿನ ಭಾಗದಲ್ಲಿ ಚಿತ್ರ ಸಪ್ಪೆಯಾಗಿರುತ್ತದೆ. ಬೆನ್ನ ಹಿಂದೆ ಎಲ್ಲ ಚೂಪಾಗಿದ್ದರೆ ಅನುಮಾನಿಸಿ, ಯಾರೋ ಲೋಹ ಕರಗಿಸಿ ಅಂಟಿಸಿರಬಹುದು.

ತಗ್ಗು ಗೆರೆ ಕಂಡರೆ ಅದರ ದಡ ನೋಡಿ. ದಾರವೋ ತಂತಿಯೋ ಏಟಿನ ಹೊತ್ತಿನಲ್ಲಿ ನಡುವೆ ಸಿಕ್ಕಿದ್ದರೆ ದಡ ನುಣುಪು. ಆಮೇಲೆ ಗೀಚಿದ್ದರೆ ಪಕ್ಕಕ್ಕೆ ತಳ್ಳಿದ ಲೋಹ ದಡದಲ್ಲಿ ಗುಡ್ಡೆಯಾಗಿರುತ್ತದೆ. ಲೇಪವಿರುವ ನಾಣ್ಯದಲ್ಲಿ ಗುಳ್ಳೆಗಳಿದ್ದರೆ ಲೇಪದಡಿ ಗಾಳಿ ಸೇರಿದೆ. ಮರದ ಕಡ್ಡಿಯಿಂದ ಮೆಲ್ಲಗೆ ಒತ್ತಿದರೆ ತಗ್ಗುತ್ತದೆ. ಬೆಂಕಿ ತಾಕಿದ ನಾಣ್ಯಕ್ಕೂ ಹೀಗೇ ಗುಳ್ಳೆ ಬರುತ್ತದೆ.

ಚಿತ್ರ ಪಕ್ಕಕ್ಕೆ ಸರಿದಿದ್ದರೆ, ತಲೆಕೆಳಗಾಗಿದ್ದರೆ

ಬಿಲ್ಲೆ ಸರಿಯಾದ ಜಾಗದಲ್ಲಿ ಕೂರದೆ ಏಟು ಬಿದ್ದರೆ ಎರಡೂ ಬದಿಯ ಚಿತ್ರ ಸರಿಯುತ್ತದೆ, ಒಂದು ಕಡೆ ಖಾಲಿ ಬಿಲ್ಲೆ ಉಳಿಯುತ್ತದೆ. ಒಂದು ಬದಿ ಮಾತ್ರ ಸ್ವಲ್ಪ ಸರಿದಿದ್ದು ಇನ್ನೊಂದು ಬದಿ ನೆಟ್ಟಗಿದ್ದರೆ ತಪ್ಪು ಡೈಯದು, ಬಿಲ್ಲೆಯದಲ್ಲ. ಅದು ಸಾಮಾನ್ಯ, ದೊಡ್ಡ ಸಂಗತಿಯೇನಲ್ಲ. ಚಿತ್ರ ನಡುವೆಯೇ ಇದ್ದು ನಾಣ್ಯ ಅಗಲವಾಗಿ, ಅಂಚಿನ ಗೆರೆಗಳಿಲ್ಲದೆ ಇದ್ದರೆ ಕಾಲರ್ ಕೆಲಸ ಮಾಡಿಲ್ಲ.

ನಾಣ್ಯವನ್ನು ಪುಟ ತಿರುಗಿಸಿದಂತೆ ಎಡದಿಂದ ಬಲಕ್ಕೆ ತಿರುಗಿಸಿ. ಭಾರತ, ಬ್ರಿಟನ್, ಯೂರೋ ನಾಣ್ಯಗಳಲ್ಲಿ ಹಿಂಬದಿ ನೆಟ್ಟಗೆ ಕಾಣಬೇಕು. ಅಮೆರಿಕದ ನಾಣ್ಯದಲ್ಲಿ ತಲೆಕೆಳಗಾಗಿ ಕಾಣಬೇಕು, ಅದು ಅಲ್ಲಿನ ರೂಢಿ. ಇದನ್ನು ತಿಳಿಯದೆ ಡಾಲರನ್ನು ಎರರ್ ಅನ್ನುವವರಿದ್ದಾರೆ. ರೂಢಿಯಿಂದ ನಾಲ್ಕೈದು ಡಿಗ್ರಿ ಆಚೀಚೆ ಲೆಕ್ಕಕ್ಕಿಲ್ಲ. 90 ಅಥವಾ 180 ಡಿಗ್ರಿ ತಿರುಗಿದ್ದರೆ ಸಡಿಲವಾದ ಡೈ, ಅಥವಾ ತಪ್ಪಾಗಿ ಕೂರಿಸಿದ ಡೈ.

ಬಣ್ಣ, ಗಾತ್ರ ಬೇರೆಯಾಗಿದ್ದರೆ

ತೂಕ ಸರಿಯಿದ್ದು ಬಣ್ಣ ಮಾತ್ರ ಬೇರೆಯಿದ್ದರೆ ಹೆಚ್ಚಾಗಿ ಮಣ್ಣು, ಶಾಖ, ರಾಸಾಯನಿಕ ಅಥವಾ ಯಾರೋ ಕೊಟ್ಟ ಲೇಪ. ತೂಕವೂ ಕಡಿಮೆ, ಒಂದು ಬದಿ ತಾಮ್ರದ ಬಣ್ಣ ಅಂದರೆ ಪದರ ಪದರವಾಗಿ ಮಾಡಿದ ನಾಣ್ಯದ ಒಂದು ಪದರ ಬಿಟ್ಟುಹೋಗಿರಬಹುದು. ಆಮ್ಲದಲ್ಲಿ ಅದ್ದಿದ ನಾಣ್ಯವೂ ತೂಕ ಕಳೆದುಕೊಳ್ಳುತ್ತದೆ. ಆದರೆ ಅದರಲ್ಲಿ ಎಲ್ಲ ಅಕ್ಷರಗಳೂ ಒಟ್ಟಿಗೆ ಸಣ್ಣಗಾಗಿ, ಮೇಲ್ಮೈ ಮಂಕಾಗಿರುತ್ತದೆ. ಅಂಚು ದಪ್ಪಗೆ ಒಳಗೆ ಮಡಚಿಕೊಂಡು ನಾಣ್ಯ ಕಿರಿದಾಗಿದ್ದರೆ ಬಟ್ಟೆ ಒಣಗಿಸುವ ಯಂತ್ರದಲ್ಲಿ ಸಿಕ್ಕಿಕೊಂಡು ತುಂಬಾ ಹೊತ್ತು ಉರುಳಿದೆ.

ತಪ್ಪೇ ಇಲ್ಲದಿದ್ದರೆ

ಇದೂ ಒಂದು ಫಲಿತಾಂಶ, ಅದೂ ಪದೇಪದೇ ಸಿಗುವಂಥದ್ದು. ಭಾರತದ ನಾಣ್ಯದಲ್ಲಿ ಇಸವಿಯ ಕೆಳಗೆ ವಜ್ರಾಕೃತಿ ಇದ್ದರೆ ಮುಂಬೈ, ನಕ್ಷತ್ರವಿದ್ದರೆ ಹೈದರಾಬಾದ್, ದುಂಡು ಚುಕ್ಕೆಯಿದ್ದರೆ ನೋಯ್ಡಾ. ಕೋಲ್ಕತ್ತಾ ಏನೂ ಹಾಕುವುದಿಲ್ಲ. ಗುರುತಿಲ್ಲದ ನಾಣ್ಯ ಕಂಡು ‘ಮಿಂಟ್ ಮಾರ್ಕ್ ಬಿಟ್ಟುಹೋಗಿದೆ’ ಅನ್ನುವುದು ದಿನನಿತ್ಯದ ಮಾತು. 10 ರೂಪಾಯಿಯ ಕಥೆಯೂ ಅಷ್ಟೇ. ಒಂದರಲ್ಲಿ ರೂಪಾಯಿ ಚಿಹ್ನೆ ಇದೆ, ಒಂದರಲ್ಲಿ ಇಲ್ಲ, ಗೆರೆಗಳ ಎಣಿಕೆ ಬೇರೆ. ಚಿಹ್ನೆ ನಾಣ್ಯಕ್ಕೆ ಬಂದದ್ದೇ 2011ರಲ್ಲಿ. 14 ವಿನ್ಯಾಸಗಳೂ ಚಲಾವಣೆಗೆ ಸರಿ ಅಂತ ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲಿ ಹೇಳಬೇಕಾಯಿತು.

ತಿದ್ದಿದ ನಾಣ್ಯಕ್ಕೂ ವಿನ್ಯಾಸದ ಇತಿಹಾಸವೇ ಮದ್ದು. ಡೆನ್ವರ್‌ನ 1914ರ ಸೆಂಟ್ ಅಪರೂಪ. 1944ರ ಮೊದಲ 4 ಕೆರೆದು 1 ಮಾಡಿ ಅದನ್ನು ತಯಾರಿಸುತ್ತಾರೆ. ಆದರೆ ಲಿಂಕನ್ ಭುಜದ ಕೆಳಗೆ ಶಿಲ್ಪಿ ವಿಕ್ಟರ್ ಡೇವಿಡ್ ಬ್ರೆನರ್ ಹೆಸರಿನ ಮೂರು ಮೊದಲಕ್ಷರ ಬಂದದ್ದು 1918ರಿಂದ. 1914ರ ನಾಣ್ಯದಲ್ಲಿ ಆ ಅಕ್ಷರ ಇದ್ದರೆ, ಅಥವಾ ಅಲ್ಲಿ ಕೆರೆದ ಗುರುತಿದ್ದರೆ, ವಿಚಾರಣೆ ಮುಗಿಯಿತು. 9ಕ್ಕೂ ಮುಂದಿನ 1ಕ್ಕೂ ನಡುವೆ ಅಂತರ ಜಾಸ್ತಿ ಇರುವುದು ಇನ್ನೊಂದು ಸುಳಿವು.

ಎಲ್ಲ ನೋಡಿದ ಮೇಲೂ ಎರಡು ಕಾರಣ ಸಮಬಲವಾಗಿ ನಿಂತರೆ, ಎರಡನ್ನೂ ಚೀಟಿಯಲ್ಲಿ ಬರೆದು ನಾಣ್ಯದ ಜೊತೆಗಿಡಿ. ತೂಕ, ವ್ಯಾಸ, ಅಯಸ್ಕಾಂತದ ಉತ್ತರ, ಡೈ ತಿರುಗಿದ ಕೋನ ಸೇರಿಸಿ. ಎರಡೂ ಬದಿಯನ್ನು, ಅಂಚನ್ನು ಒಂದೇ ದೀಪದಲ್ಲಿ ಫೋಟೋ ತೆಗೆಯಿರಿ. ಪರಿಣತರಿಗೆ ಕಳಿಸುವಾಗ ಗುರುತಿನ ಜಾಗದ ಹತ್ತಿರದ ಚಿತ್ರ ಒಂದೇ ಕಳಿಸಿದರೆ ಅವರು ಮೊದಲು ಕೇಳುವುದು ‘ತೂಕ ಎಷ್ಟು?’ ಅಂತ, ಎರಡನೆಯದಾಗಿ ‘ಹಿಂಬದಿ ಎಲ್ಲಿ?’ ಅಂತ.